ಜಮದಗ್ನಿಯ ಮಕ್ಕಳು

ಸವದತ್ತಿ ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದವಳು ಬನದ ಹುಣ್ಣಿಮೆ ಹತ್ತಿರ ಬಂದಾಗ ಮಕ್ಕಳಿಗೆ ಯಾವ ಕಥೆ ಹೇಳಲಿ ಎಂದು ಹುಡುಕಬೇಕಾಗಿಲ್ಲ. ಚಕ್ಕಡಿ, ಟ್ರ್ಯಾಕ್ಟರುಗಳು ‘ಉಧೋ ಉಧೋ’ ಎನ್ನುತ್ತ ಎಲ್ಲಮ್ಮನ ಗುಡ್ಡದ ದಾರಿ ಹಿಡಿದಿರುತ್ತವೆ. ಮಕ್ಕಳ ಕಣ್ಣು ಹೇಗೂ ಕಿಟಕಿಯಾಚೆಗೇ ಇರುತ್ತದೆ. ಎಲ್ಲಮ್ಮ ಎಂದರೆ ರೇಣುಕೆ, ಅವಳ ಕಥೆ ಶುರು ಮಾಡಿದರಾಯಿತು. ನಾನು ವರ್ಷವರ್ಷವೂ ಹೇಳುತ್ತಿದ್ದೆ. ಉಸುಕಿನ ಕೊಡ, ಹಾವಿನ ಸಿಂಬಿ, ನೀರಾಟದಲ್ಲಿದ್ದ ಗಂಧರ್ವನನ್ನು ಕಂಡು ಅರೆಗಳಿಗೆ ಅಲುಗಿದ ಮನಸ್ಸು, ಗಂಡ ಜಮದಗ್ನಿಯ ಸಿಟ್ಟು. ತಾಯಿಯ ತಲೆ ಕಡಿ ಎಂದರೆ ನಾಲ್ವರು ಅಣ್ಣಂದಿರು ಒಲ್ಲೆ ಎಂದರು. ಕಿರಿಯವ ಪರಶುರಾಮ ಕೊಡಲಿ ಎತ್ತಿದ. ಅಪ್ಪ ಮೆಚ್ಚಿ ವರ ಕೊಟ್ಟ, ತಾಯಿ ಎದ್ದು ಬಂದಳು. ‘ಹಿರಿಯರ ಮಾತು ಮೀರಬಾರದು’ ಎಂದು ಮುಗಿಸಿ ಗಣಿತಕ್ಕೆ ಹೊರಳುತ್ತಿದ್ದೆ.

1990ರ ದಶಕದ ಕೊನೆಯಲ್ಲಿ, ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಹೆಸರು ಇಲ್ಲಿ ಬೇಡ.

“ಒಲ್ಲೆ ಅಂದ ಅಣ್ಣಗೋಳಿಗೆ ಏನಾತ್ರಿ ಅಕ್ಕಾರ?”

“ಶಾಪ ತಟ್ಟಿತು. ಕೂಡ್ರು” ಎಂದೆ.

ಅವಳು ತಾನಾಗಿ ಬಾಯಿ ಬಿಡುವವಳೇ ಅಲ್ಲ. ಅಕ್ಷರ ದುಂಡಗೆ, ಪಾಟಿ ಸ್ವಚ್ಛ. ನಾವು ಹೇಳುವ ಮೊದಲೇ ಶಿಕ್ಷಕರ ಕೋಣೆಯ ಕೊಡ ತುಂಬಿಟ್ಟಿರುತ್ತಿದ್ದಳು. ನಾನು ಹಲಗೆ ಒರೆಸಲು ಕೈ ಎತ್ತಿದರೆ ಅವಳ ಭುಜಗಳು ಕಿವಿಯವರೆಗೆ ಏರುತ್ತಿದ್ದವು. ಮಧ್ಯಾಹ್ನ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು, ಕರೆದರೆ ಬೆಚ್ಚಿ “ತಪ್ಪಾತ್ರಿ” ಎನ್ನುತ್ತಲೇ ಏಳುತ್ತಿದ್ದಳು. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಪ್ರಗತಿ ಪತ್ರದಲ್ಲಿ ನಾನು ಬರೆದದ್ದು ಮಾತ್ರ: ಶಾಂತ ಸ್ವಭಾವ, ಉತ್ತಮ ಶಿಸ್ತು.

ಆ ಪತ್ರಕ್ಕೇ ಅವಳು ಅಪ್ಪನ ಸಹಿ ತಾನೇ ಮಾಡಿಕೊಂಡು ಬಂದಳು. ಗಣಿತದಲ್ಲಿ ಅಂಕ ಕಡಿಮೆ ಬಿದ್ದಿತ್ತು. ನಾನು ಅಪ್ಪನನ್ನು ಕರೆಸಿದೆ. ಊರಲ್ಲಿ ಒಳ್ಳೆಯ ಹೆಸರಿದ್ದ ಒಕ್ಕಲಿಗ, ಕುಡಿತವಿಲ್ಲ, ಯಾರ ತಂಟೆಗೂ ಹೋದವನಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ಎಲ್ಲ ಕೇಳಿಸಿಕೊಂಡು, “ನಾ ನೋಡ್ಕೋತೀನಿ ಬಿಡ್ರಿ ಅಕ್ಕಾರ” ಎಂದ. ಮಕ್ಕಳ ಬಗ್ಗೆ ಇಂಥ ಕಾಳಜಿ ಎಲ್ಲ ಪಾಲಕರಿಗೂ ಇದ್ದರೆ ಎಂದು ಆ ದಿನ ಸಹೋದ್ಯೋಗಿಗಳ ಮುಂದೆ ಹೊಗಳಿಯೂ ಹೊಗಳಿದೆ.

ಕೆಲವು ದಿನ ಹುಡುಗಿ ಶಾಲೆಗೆ ಬರಲಿಲ್ಲ. ಬಂದಾಗ ಎರಡು ಜಡೆಯ ತಲೆ ಬೋಳಾಗಿತ್ತು. “ಹೇನು ಆಗಿದ್ವು” ಎಂದಳು. ನಾನು ನಂಬಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಂಬುವುದು ನನಗೆ ಅನುಕೂಲವಾಗಿತ್ತು. ಅಷ್ಟಕ್ಕೇ ಬಿಡದೆ ಅವಳ ಬೆನ್ನ ಮೇಲೆ ಕೈಯಿಟ್ಟು, “ಅಪ್ಪ ಏನ್ ಮಾಡಿದ್ರೂ ನಿನ್ನ ಛಲೋದಕ್ಕವಾ” ಎಂದು ಬೇರೆ ಹೇಳಿದೆ. ನನ್ನ ಇಡೀ ನೌಕರಿಯಲ್ಲಿ ಆಡಬಾರದಿದ್ದರೂ ಆಡಿದ ಮಾತು ಇದೊಂದೇ ಅಲ್ಲ, ಆದರೆ ಇದರಷ್ಟು ಹಾನಿ ಬೇರೆ ಯಾವುದೂ ಮಾಡಿರಲಿಕ್ಕಿಲ್ಲ. ಅಲ್ಲಿಯವರೆಗೆ ಮನೆಯೊಳಗಿನ ಒಬ್ಬ ಹೇಳುತ್ತಿದ್ದುದಕ್ಕೆ ಹೊರಗಿನವಳೊಬ್ಬಳು ಸಾಕ್ಷಿ ನುಡಿದಂತಾಯಿತು.

ಅದೇ ದಿನಗಳಲ್ಲಿ ನಾವು ಮಕ್ಕಳನ್ನು ಸಾಲು ಹಚ್ಚಿ ದೇವದಾಸಿ ಪದ್ಧತಿಯ ವಿರುದ್ಧ ಜಾಥಾ ತೆಗೆದಿದ್ದೆವು. ಗುಡ್ಡದ ಬುಡದ ತಾಲೂಕು, ಅದು ಬೇಕಾದದ್ದೇ. ಕರ್ನಾಟಕದ 1982ರ ಕಾಯ್ದೆಯಲ್ಲಿ ಒಂದು ಅಂಶವಿತ್ತು. ಹೆಣ್ಣುಮಗಳನ್ನು ದೇವರಿಗೆ ಬಿಡುವುದರಲ್ಲಿ ಕೈಜೋಡಿಸಿದ ಯಾರಿಗಾದರೂ ಮೂರು ವರ್ಷದವರೆಗೆ ಸೆರೆವಾಸ. ಹಾಗೆ ಬಿಟ್ಟವರು ತಂದೆ ತಾಯಿಯೋ ಪಾಲಕರೋ ಬಂಧುಗಳೋ ಆಗಿದ್ದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ. ಮಗುವಿನ ಕೈ ಹಿಡಿದು ಗುಡ್ಡ ಹತ್ತಿಸುವವರು ಯಾರೆಂಬುದು ಕಾಯ್ದೆ ಬರೆದವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಘೋಷಣೆ ಕೂಗಿಸಿದವಳೇ ನಾನು. ದೇವರಿಗೆ ಬಿಟ್ಟವರ ಕೊರಳಿನ ಮುತ್ತು ನೋಡುವುದನ್ನು ಕಲಿತಿದ್ದೆವು. ಆ ಸಾಲಿನಲ್ಲೇ ನಡೆಯುತ್ತಿದ್ದ ಬೋಳುತಲೆ ನೋಡುವುದನ್ನು ಕಲಿತಿರಲಿಲ್ಲ. ಅಕ್ಟೋಬರ್ ಬಂದರೆ ಕಿತ್ತೂರ ಚೆನ್ನಮ್ಮನ ಪಾಠ. 1824ರಲ್ಲಿ ಇಂಗ್ಲಿಷ್ ಅಧಿಕಾರಿ ಥ್ಯಾಕರೆ ಬಿದ್ದದ್ದನ್ನು ಕೈ ಬೀಸಿ ಬೀಸಿ ವರ್ಣಿಸುತ್ತಿದ್ದೆವು. ನಮ್ಮ ಹುಡುಗಿಯರು ಆ ಧೈರ್ಯವನ್ನು ಇಂಗ್ಲಿಷರ ಮುಂದೆ ತೋರಿಸಿದರೆ ಸಾಕಿತ್ತು, ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ.

ನಿವೃತ್ತಿಯ ನಂತರ ಬೈಲಹೊಂಗಲದಲ್ಲಿದ್ದೇನೆ. ಮದುವೆಯೊಂದರಲ್ಲಿ ಊಟದ ಪಂಕ್ತಿಯಿಂದ ಎದ್ದು ಬಂದು ಕಾಲಿಗೆರಗಿದ ಹೆಣ್ಣುಮಗಳು ಅವಳೇ. ಮನೆಗೆ ಬಾರವಾ ಎಂದೆ, ಬಂದಳು. ಕುರ್ಚಿಯನ್ನು ತುಸು ತಿರುಗಿಸಿ, ಬಾಗಿಲು ಕಾಣುವಂತೆ ಕೂತಳು. ನೀರು ಕೇಳುವುದಕ್ಕೂ ಮುಂಚೆ “ತಪ್ಪ್ ತಿಳ್ಕೋಬ್ಯಾಡ್ರಿ” ಎಂದಳು. ಬೋಳುತಲೆಯ ಮಾತು ನಾನೇ ತೆಗೆದೆ.

“ಬಡತ ನೆನಪಿಲ್ರಿ ಅಕ್ಕಾರ. ಅಪ್ಪ ಸೈಕಲ್ ಸ್ಟ್ಯಾಂಡ್ ಹಚ್ಚೋ ಸಪ್ಪಳ ನೆನಪೈತಿ. ಆ ಸಪ್ಪಳದ ಮ್ಯಾಲೆ ಇವತ್ತ ಹೆಂಗದಾನ ಅಂತ ಗೊತ್ತಾಗ್ತಿತ್ತು.”

ಗಂಡ ಇವತ್ತಿಗೂ ಅವಳ ಮೇಲೆ ಕೈ ಎತ್ತಿದವನಲ್ಲ. ಆದರೂ ಅವನ ಬೈಕಿನ ಸಪ್ಪಳ ಅಂಗಳದಲ್ಲಿ ನಿಂತರೆ ಇವಳ ಕೈಯ ಕೆಲಸ ನಿಲ್ಲುತ್ತದೆ. ಅಪ್ಪ ಹಾಸಿಗೆ ಹಿಡಿದಾಗ ತುತ್ತು ಮಾಡಿ ಉಣಿಸಿದವಳು, ಮೈ ತೊಳೆದವಳು ಅವಳೇ. ಸತ್ತಾಗ ಎದೆ ಬಡಿದುಕೊಂಡು ಅತ್ತಿದ್ದಾಳೆ. ಆ ರಾತ್ರಿ ಒಮ್ಮೆಯೂ ಎಚ್ಚರವಾಗದೆ ನಿದ್ದೆ ಬಂತಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ನಾಚಿಕೆಯಿತ್ತು. ಸಹಿಯ ವಿಷಯಕ್ಕೆ ಮಾತ್ರ ಇನ್ನೂ, “ತಪ್ಪ ನಂದ ಇತ್ತಲ್ರಿ” ಎಂದಳು. ಹತ್ತು ವರ್ಷದ ಮಗುವಿಗೆ ಉಣ್ಣಲು ಇಕ್ಕುವ ಕೈ ಕೆಟ್ಟದ್ದು ಎಂದು ನಂಬಿ ಬದುಕುವುದು ಆಗುವುದಿಲ್ಲ. ಕೆಟ್ಟವಳು ನಾನೇ ಎಂದುಕೊಂಡರೆ ಹೇಗೋ ಬದುಕಬಹುದು, ಒಳ್ಳೆಯವಳಾದರೆ ಬಡಿತ ನಿಂತೀತು ಎಂಬ ಆಸೆಯಾದರೂ ಉಳಿಯುತ್ತದೆ. ಮಗುವಾಗಿದ್ದಾಗ ಅವಳು ಹಾಕಿದ ಈ ಲೆಕ್ಕ ಮೂವತ್ತೈದು ದಾಟಿದ ಮೇಲೂ ಅಳಿಸಿಹೋಗಿರಲಿಲ್ಲ.

ಅವಳು ಹೋದ ಮೇಲೆ ಮಹಾಭಾರತದ ವನಪರ್ವ ತೆಗೆದು ಕೂತೆ. ಅವಳ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು. ರುಮಣ್ವಂತ, ಸುಷೇಣ, ವಸು, ವಿಶ್ವಾವಸು ಎಂಬ ಆ ನಾಲ್ವರು ಅಪ್ಪನ ಶಾಪಕ್ಕೆ ಚೇತನ ಕಳೆದುಕೊಂಡು, ಮೃಗಪಕ್ಷಿಗಳ ಹಾಗೆ, ಜಡರ ಹಾಗೆ ಆದರಂತೆ. ಮಧ್ಯಾಹ್ನ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ ಹುಡುಗಿಯ ಮುಖ ಕಣ್ಣಿಗೆ ಕಟ್ಟಿತು. ಇನ್ನು ಮಾತು ಕೇಳಿದ ಮಗ? ಅವನು ಕೇಳಿದ ವರಗಳಲ್ಲಿ ತಾಯಿ ಬದುಕಲಿ ಎಂಬುದೊಂದನ್ನೇ ನಾನು ಹೇಳುತ್ತ ಬಂದಿದ್ದೆ. ಅದರ ಬೆನ್ನಿಗೇ ಆ ಕೊಲೆಯ ನೆನಪು ಉಳಿಯದಿರಲಿ ಎಂದು ಕೇಳುತ್ತಾನೆ. ಪಾಪ ತಟ್ಟದಿರಲಿ, ಅಣ್ಣಂದಿರು ಮೊದಲಿನಂತಾಗಲಿ ಎನ್ನುತ್ತಾನೆ. ಅಪ್ಪನ ಮಾತು ಪಾಲಿಸಿ ಮೆಚ್ಚುಗೆ ಪಡೆದ ಮಗನಿಗೂ ಮರೆವು ಬೇಕಾಗಿತ್ತು. ಇಷ್ಟು ವರ್ಷ ನಾನು ಹಾರಿಸಿದ್ದೇ ಕಥೆಯ ತಿರುಳನ್ನು.

ಇದು ಒಬ್ಬಿಬ್ಬರ ಮನೆಯ ಮಾತಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಮೂವರಲ್ಲಿ ಇಬ್ಬರು ಪೆಟ್ಟು ತಿಂದವರು. ಮನೆಯಲ್ಲಿ ಪೆಟ್ಟು ತಿಂದವರ ಪೈಕಿ 88.6% ಮಕ್ಕಳನ್ನು ಹೊಡೆದವರು ತಂದೆ ತಾಯಿಯೇ. ನಮ್ಮ ಮಗ್ಗುಲಿನ ಮಹಾರಾಷ್ಟ್ರ, ಗೋವಾ ಆ ಪಟ್ಟಿಯಲ್ಲಿದ್ದವು. ಕರ್ನಾಟಕ ಇರಲಿಲ್ಲ, ಇದ್ದಿದ್ದರೆ ಬೇರೆ ಚಿತ್ರ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. ಅಮೆರಿಕದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಅಂಡಾ ಎಂಬ ವೈದ್ಯರು 1998ರಲ್ಲಿ ತೋರಿಸಿದ್ದು ಇನ್ನೂ ಮುಂದಿನದು: ಎಳವೆಯಲ್ಲಿ ಮನೆಯೊಳಗೆ ಕಂಡುಂಡ ಹಿಂಸೆಯ ಬಗೆಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಆತ್ಮಹತ್ಯೆಯ ಯತ್ನ, ಹೃದ್ರೋಗ ಕೂಡ ಹೆಚ್ಚು. ಶಾಲೆಯ ಬೆತ್ತವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಕಸಿದುಕೊಂಡಿತು. ಆಗ ಗೊಣಗಿದ ಶಿಕ್ಷಕರಲ್ಲಿ ನಾನೂ ಒಬ್ಬಳು. ಮಗುವಿನ ಹೊಣೆ ಹೊತ್ತವರೇ ಅದನ್ನು ಹಿಂಸಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆಯಿದೆ, ಮಕ್ಕಳ ಸಹಾಯವಾಣಿ 1098 ಇದೆ. ಆದರೆ ‘ನೋಡ್ಕೋತೀನಿ ಬಿಡ್ರಿ’ ಎಂಬ ಮಾತಿನಾಚೆ ಏನಿದೆ ಎಂದು ಕೇಳುವವರು ಮೊದಲು ಬೇಕು.

ಅವಳು ಮತ್ತೆ ಬಂದಳು. ಈ ಸಲ ಮಗನ ಮಾತು. ಅವನೂ ಐದನೇ ಇಯತ್ತೆ. ಹೋಮ್‌ವರ್ಕ್ ಮಾಡಲಿಲ್ಲವೆಂದು ಬಡಿದಿದ್ದಾಳೆ, ಒಮ್ಮೆ ಅಲ್ಲ. “ನನ್ನ ಕೈ ಅಪ್ಪನ ಕೈ ಆಗಿತ್ರಿ” ಎಂದಳು. ಅವನ ಶಾಲೆಯ ಅಕ್ಕಾರ ಜೊತೆ ನಾನು ಮಾತಾಡಬೇಕಂತೆ. ನೀನೇ ಮಗನನ್ನು ಕೂರಿಸಿಕೊಂಡು ಕೇಳಬಾರದೇನವಾ ಎಂದರೆ, “ನನ್ನ ಮುಂದ ಅಂವ ಖರೆ ಹೇಳೂದಿಲ್ರಿ. ನಾ ಹೇಳಿದ್ನೇನ್ರಿ?” ಎಂದಳು.

ಹೋದೆ. “ಅವನ ಬಗ್ಗೆ ಚಿಂತೀನ ಬ್ಯಾಡ್ರಿ, ಕ್ಲಾಸಿನ್ಯಾಗ ಎಲ್ಲಾರಕಿಂತ ಶಾಂತ ಹುಡುಗ” ಎಂದು ನಕ್ಕಳು ಆ ಎಳೆಯ ಶಿಕ್ಷಕಿ. ಯಾರಾದರೂ ಕೈ ಎತ್ತಿದಾಗ ಅವನ ಭುಜ ನೋಡು, ಊಟದ ಹೊತ್ತಿಗೆ ಯಾರ ಜೊತೆ ಕೂಡುತ್ತಾನೆ ನೋಡು ಎಂದೆ. ಅವಳ ನಗು ಇಳಿಯಿತು. “ಅವ್ರ ಮನಿಯವ್ರನ್ನ ಕರಸ್ಲೇನ್ರಿ?”

“ಬ್ಯಾಡವಾ. ಮೊದಲ ಅವನ ಕೂಡ ಮಾತಾಡು. ಏನ್ ಹೇಳಿದ್ರೂ ನಂಬು. ಅವನ ಮನೀಗೆ ಫೋನ್ ಹಚ್ಚಬ್ಯಾಡ, ನನಗ ಹಚ್ಚು.”

ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಹುಡುಗನ ತಾಯಿಯ ಜೊತೆ ನಾನೂ ಹೋದೆ. ಚೀಟಿ ಮಾಡಿಸುವಲ್ಲಿ, ತೋರಿಸುವುದು ಮಗನಿಗೇನು ಎಂದು ಕೇಳಿದರು.

“ಅಲ್ರಿ, ನನಗ” ಎಂದು ತನ್ನ ಹೆಸರು ಬರೆಸಿದಳು.