ಕಾರ್ಡಿಲ್ಲದ ಓದುಗ

ನಾನು ಹುಡುಗನಾಗಿದ್ದಾಗ ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕಕ್ಕೆ ಬಂಗಾರದ ಮರ್ಯಾದೆ ಇತ್ತು. ಕಪಾಟಿನಲ್ಲಿಟ್ಟು ಕೀಲಿ ಹಾಕಿರುತ್ತಿದ್ದರು. ಗಾಜಿನಾಚೆ ‘ಚಂದಮಾಮ’ ಕಾಣುತ್ತಿತ್ತು, ಕೈಗೆ ಬರುತ್ತಿರಲಿಲ್ಲ. “ಏನ ತಮ್ಮಾ, ಮಿರ್ಚಿ ತಿಂದ ಕೈ ತೊಳಕೊಂಡೀಯೇನ? ಹರದರ ರೊಕ್ಕಾ ಯಾರ ಕೊಡತಾರ, ನಿಮ್ಮಪ್ಪನ?” ಗ್ರಂಥಪಾಲಕರ ಈ ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗುತ್ತಿತ್ತು. ಪಾಪ, ಅವರದೂ ತಪ್ಪಲ್ಲ. ಲೆಕ್ಕ ನೋಡಲು ಬಂದವರು ಎಷ್ಟು ಪುಸ್ತಕ ಕಡಿಮೆ ಬಿದ್ದಿವೆ ಎಂದು ಕೇಳುತ್ತಿದ್ದರೇ ಹೊರತು, ಎಷ್ಟು ಸವೆದಿವೆ ಎಂದು ಖುಷಿಯಿಂದ ಕೇಳಿದವರಿಲ್ಲ. ಗದಗ-ಬೆಟಗೇರಿಯಲ್ಲಿ ಬೆಳೆದ ನನಗೆ ಇವತ್ತಿಗೂ ಎಣ್ಣೆಕಲೆ ಇಲ್ಲದ ಪುಸ್ತಕ ಕಂಡರೆ, ಇದನ್ನು ಯಾರೂ ಓದಿಲ್ಲ ಎಂದೇ ಅನುಮಾನ.

ಕಾಲ ಬದಲಾಗಿದೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ಮಕ್ಕಳ ದಿನದಂದು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ. ಗ್ರಂಥಾಲಯಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂತು.

ಆದರೆ ನಮ್ಮ ಕಡೆ ಏಳು ವರ್ಷದ ಹುಡುಗಿ ಒಬ್ಬಳೇ ಎಲ್ಲಿಗೂ ಬರುವುದಿಲ್ಲ. ಅವ್ವ ಮೆಣಸಿನಕಾಯಿ ಬಿಡಿಸಲು ಹೋಗಿರುತ್ತಾಳೆ, ತಮ್ಮ ಇವಳ ಬಗಲಲ್ಲಿರುತ್ತಾನೆ. ಮುಂಡರಗಿ ಕಡೆಯ ಗ್ರಂಥಾಲಯವೊಂದರಲ್ಲಿ ಇಂಥದೊಂದು ಜೋಡಿ ಕಂಡೆ. ಅಕ್ಕನಿಗೆ ಕಾರ್ಡಿತ್ತು, ತಮ್ಮನಿಗೆ ಸಿಂಬಳವಿತ್ತು. ಅವನು ಪುಸ್ತಕ ತಿರುವುಮುರುವಾಗಿ ಹಿಡಿದು, ಮೂಲೆ ಚೀಪಿ ನೋಡಿ, ರುಚಿ ಒಪ್ಪಿಗೆಯಾದ ಮೇಲೆ ಹಾಳೆ ತೆಗೆದ. ಆನೆ ಬಂತು. ಬೆರಳಿಟ್ಟ. ಅಕ್ಕ ಲಂಬಾಣಿಯಲ್ಲಿ ಏನೋ ಹೇಳಿದಳು, ಅವ ಕೇಕೆ ಹಾಕಿದ. ಆಚೆ ಕೂತು ಪಿಡಿಒ ಪರೀಕ್ಷೆಗೆ ಓದುತ್ತಿದ್ದ ಯುವಕ ಬೆಚ್ಚಿ “ಶ್!” ಅಂದ. ಹುಡುಗಿ ಪುಸ್ತಕ ಮುಚ್ಚಿಟ್ಟು, ತಮ್ಮನನ್ನು ಎತ್ತಿಕೊಂಡು ನಡೆದಳು.

ಆ ತಮ್ಮನಿಗೆ ಆನೆಯನ್ನು ತೋರಿಸಿದ್ದು ಲಂಬಾಣಿ, ಕನ್ನಡವಲ್ಲ. ಕವಿರಾಜಮಾರ್ಗ ತಿರುಳ್ಗನ್ನಡಕ್ಕೆ ಹೆಸರಿಸಿದ ಊರುಗಳಲ್ಲಿ ಪುಲಿಗೆರೆ, ಅಂದರೆ ನಮ್ಮ ಲಕ್ಷ್ಮೇಶ್ವರವೂ ಒಂದು. ಆ ಹೆಮ್ಮೆ ನನಗೂ ಇದೆ. ಅದೇ ಲಕ್ಷ್ಮೇಶ್ವರದ ಓಣಿಗಳಲ್ಲಿ ಅಮ್ಮಿ ಕೂಸಿಗೆ ಉಣಿಸುವುದು ದಖನಿ ಉರ್ದುವಿನಲ್ಲಿ. ಶಿರಹಟ್ಟಿ, ಮುಂಡರಗಿಯ ತಾಂಡಾಗಳಲ್ಲಿ ಯಾಡಿ, ಅಂದರೆ ಅವ್ವ, ತೊಟ್ಟಿಲು ತೂಗುವುದು ಲಂಬಾಣಿಯಲ್ಲಿ. ಒಂದನೇ ಇಯತ್ತೆಯಲ್ಲಿ ‘ಅ ಅಂದರೆ ಅರಸ’ ಎಂದಾಗ ಆ ಮಕ್ಕಳಿಗೆ ಅಕ್ಷರವೂ ಹೊಸದು, ಅರಸನೂ ಹೊಸಬ. ಮನೆಮಾತಿನಲ್ಲಿ ಕತೆ ಕೇಳುತ್ತ ಹಾಳೆ ತಿರುವಿದ ಕೂಸು ಕನ್ನಡದಲ್ಲಿ ಹಿಂದೆ ಬೀಳುವುದಿಲ್ಲ. ಪುಸ್ತಕದೊಳಗೆ ಏನೋ ಮಜಾ ಇದೆ ಎಂಬುದಾದರೂ ಅದಕ್ಕೆ ಮೊದಲೇ ಗೊತ್ತಾಗಿರುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಬೆರಳಿನಿಂದ ಓದುವುದನ್ನು ಕಂಡ ಜನ ನಾವು. ಓದುವ ದಾರಿ ಒಂದೇ ಅಲ್ಲ ಎಂದು ನಮಗೆ ಬೇರೆ ಊರಿನವರು ಬಂದು ಹೇಳಬೇಕಿಲ್ಲ.

ಗ್ರಂಥಾಲಯದ ಮೇಲ್ವಿಚಾರಕರಲ್ಲಿ ಒಂದು ಅರಿಕೆ. ಪರೀಕ್ಷೆಗೆ ಓದುವವರಿಗೆ ಒಂದು ಮೂಲೆ ಇರಲಿ, ಅವರೂ ನಮ್ಮ ಮಕ್ಕಳೇ. ಇನ್ನೊಂದು ಮೂಲೆಯಲ್ಲಿ ಜಮಖಾನೆ ಹಾಸಿ, ಚಿತ್ರದ ಪುಸ್ತಕಗಳನ್ನು ಕೆಳಗಿನ ಹಲಗೆಗೆ ಇಳಿಸಿರಿ. ವಾರಕ್ಕೊಂದು ಸಂಜೆ ತಾಂಡಾದ ಮುದುಕಿಯನ್ನೋ, ಓಣಿಯ ನಾನಿಯನ್ನೋ ಕರೆದು ಕತೆ ಹೇಳಿಸಿರಿ. ಬಗಲಲ್ಲಿರುವ ಕೂಸಿನ ವಯಸ್ಸು ಕೇಳಬೇಡಿರಿ. ಮೂಲೆ ಚೀಪಿದ ಪುಸ್ತಕವನ್ನು ರಜಿಸ್ಟರಿನಲ್ಲಿ ‘ಹಾಳಾಗಿದೆ’ ಎನ್ನದೆ, ‘ಓದಲಾಗಿದೆ’ ಎಂದು ಬರೆದುಕೊಳ್ಳಿರಿ.