ಅಜ್ಜನ ಕಂಬಳಿ

ನನ್ನ ಮನೆಯ ಮರದ ಪೆಟ್ಟಿಗೆಯಲ್ಲಿ ಒಂದು ಕರಿಯ ಕಂಬಳಿ ಇದೆ. ಅದರ ಅಂಚು ಸವೆದಿದೆ. ಎರಡು ಕಡೆ ನುಸಿ ತಿಂದಿದೆ. ವರ್ಷಕ್ಕೊಮ್ಮೆ ಅದನ್ನು ಹೊರತೆಗೆದು ಬಿಸಿಲಿಗೆ ಹಾಕುತ್ತೇನೆ. “ಯಾರೂ ಹೊದೆಯದ ಈ ಕಂಬಳಿಯನ್ನು ಏಕೆ ಇಟ್ಟುಕೊಂಡಿದ್ದೀರಿ?” ಎಂದು ಮೊಮ್ಮಗ ಕೇಳುತ್ತಾನೆ. ಅವನಿಗೆ ಹೇಳಬೇಕಾದ ಉತ್ತರ ಸ್ವಲ್ಪ ಉದ್ದವಾದದ್ದು.

ಮಲೆನಾಡಿನ ಮಳೆಯನ್ನು ಕಾಣದವರಿಗೆ ಕಂಬಳಿಯ ಬೆಲೆ ತಿಳಿಯುವುದು ಕಷ್ಟ. ನಮ್ಮ ಊರು ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೂಲಕ ಕಳಸಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿದೆ. ಜೂನ್ ತಿಂಗಳಲ್ಲಿ ಮೃಗಶಿರ ಮಳೆ ಹಿಡಿಯಿತೆಂದರೆ ಆಶ್ಲೇಷ ಕಳೆಯುವವರೆಗೆ ಸೂರ್ಯನ ಮುಖ ಕಾಣುವುದು ಅಪರೂಪ. ಗಾಳಿಯ ರಭಸಕ್ಕೆ ಕೊಡೆ ನಿಲ್ಲದು. ಗಂಡಸರು ಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ತಲೆಯಿಂದ ಇಳಿಬಿಡುತ್ತಿದ್ದರು. ಉಣ್ಣೆಯ ಮೇಲೆ ನೀರು ಜಾರಿ ಹೋಗುತ್ತಿತ್ತು. ಕಂಬಳಿ ನೆನೆದರೂ ಒಳಗೆ ಮೈ ಬೆಚ್ಚಗಿರುತ್ತಿತ್ತು. ಹೆಂಗಸರದು ಗೊರಬು. ಬಿದಿರಿನ ಸೀಳುಗಳನ್ನು ಹೆಣೆದು, ನಡುವೆ ಒಣ ಎಲೆಗಳನ್ನು ಒತ್ತಾಗಿ ಹರಡಿ, ತಲೆಯನ್ನೂ ಬೆನ್ನನ್ನೂ ಮುಚ್ಚುವಂತೆ ಮಾಡಿದ ಹೊದಿಕೆ ಅದು. ಅದನ್ನು ಹೊತ್ತು ಬಗ್ಗಿದರೆ ಎರಡು ಕೈಗಳೂ ಬಿಡುವಾಗಿ, ಸಸಿ ನೆಡುವುದಕ್ಕೆ ಅನುಕೂಲವಾಗುತ್ತಿತ್ತು. ನಾಟಿಯ ದಿನ ದೂರದಿಂದ ನೋಡಿದರೆ ಆಮೆಗಳ ಹಿಂಡೊಂದು ಗದ್ದೆಗಿಳಿದಂತೆ ತೋರುತ್ತಿತ್ತು.

1964ರ ಜುಲೈ ತಿಂಗಳು. ನನಗೆ ಆಗ 14 ವರ್ಷ. ಹೈಸ್ಕೂಲಿಗೆ ಎರಡು ಮೈಲಿ ನಡೆಯಬೇಕಾಗಿತ್ತು. ಮನೆಯಲ್ಲಿದ್ದ ಒಂದೇ ಕೊಡೆಯನ್ನು ತಂದೆಯವರು ಚಿಕ್ಕಮಗಳೂರಿಗೆ ಒಯ್ದಿದ್ದರು. ಹೊರಗೆ ಪುನರ್ವಸು ಮಳೆ ಧೋ ಎಂದು ಸುರಿಯುತ್ತಿತ್ತು. ಅಜ್ಜ ಗೂಟದ ಮೇಲಿದ್ದ ತಮ್ಮ ಕಂಬಳಿಯನ್ನು ತೆಗೆದು, ತಾವೇ ಕೊಪ್ಪೆ ಮಾಡಿ, ನನ್ನ ತಲೆಯ ಮೇಲೆ ಹೊದಿಸಿ ಕಳುಹಿಸಿದರು.

ಆ ಕಾಲಕ್ಕೆ ಕೊಡೆ ಹಿಡಿದವನು ಓದಿದವನು, ಕಂಬಳಿ ಹೊದ್ದವನು ಹಳ್ಳಿಯ ಗಮಾರ ಎಂಬ ಭಾವನೆ ನನ್ನಲ್ಲಿ ಬೇರೂರಿತ್ತು. ಪೇಟೆಯ ಹುಡುಗರು ನಕ್ಕಾರೆಂಬ ಅಂಜಿಕೆ. ಮನೆ ಮರೆಯಾಗುವ ತಿರುವಿನಲ್ಲಿ ಒಂದು ಹಳೆಯ ಹಲಸಿನ ಮರವಿತ್ತು. ಅದರ ಪೊಟರೆಯಲ್ಲಿ ಕಂಬಳಿಯನ್ನು ತುರುಕಿ, ಪುಸ್ತಕದ ಚೀಲವನ್ನು ಅಂಗಿಯೊಳಗೆ ಅವಿತಿಟ್ಟುಕೊಂಡು ಓಡಿದೆ. ಶಾಲೆ ಸೇರುವಾಗ ಮೈಯಲ್ಲಿ ಒಣಗಿದ ಎಳೆಯೊಂದೂ ಉಳಿದಿರಲಿಲ್ಲ. ಗಾಳಿಗೆ ಕೊಡೆ ಹಾರಿಹೋಯಿತೆಂದು ಗೆಳೆಯರಿಗೆ ಸುಳ್ಳು ಹೇಳಿದೆ. ದಿನವಿಡೀ ನಡುಗುತ್ತ ಕುಳಿತೆ.

ಸಂಜೆ ಮಳೆ ಹೊಳವಾಗಿತ್ತು. ಪೊಟರೆಯಿಂದ ಕಂಬಳಿಯನ್ನು ತೆಗೆದು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದೆ. ಅಜ್ಜ ಒಲೆಯ ಮುಂದೆ ಕುಳಿತಿದ್ದರು. ನನ್ನ ಹಸಿ ಅಂಗಿಯನ್ನು ನೋಡಿದರು. ಕಂಬಳಿಯನ್ನು ಮುಟ್ಟಿ ನೋಡಿದರು. “ಕಂಬಳಿ ನೆನೆಯದ ಹಾಗೆ ಜೋಪಾನವಾಗಿ ತಂದಿದ್ದೀಯೆ. ಒಳ್ಳೆಯದು” ಎಂದರು. ಬೇರೇನನ್ನೂ ಹೇಳಲಿಲ್ಲ.

ಉಳಿದುದನ್ನು ಹೇಳಿದವರು ಅಜ್ಜಿ. ಅಂದು ನಮ್ಮ ಗದ್ದೆಯಲ್ಲಿ ನಾಟಿ. ಕಂಬಳಿಯನ್ನು ನನಗೆ ಕೊಟ್ಟ ಅಜ್ಜ, ಅಜ್ಜಿಯ ಗೊರಬನ್ನು ಹೊತ್ತು ಗದ್ದೆಗೆ ಹೋಗಿದ್ದರಂತೆ. ಗಂಡಸು ಗೊರಬು ಹೊತ್ತು ಬಂದುದನ್ನು ಕಂಡು ನಾಟಿಯ ಹೆಂಗಸರು ಹೊಟ್ಟೆ ಹುಣ್ಣಾಗುವಂತೆ ನಕ್ಕರಂತೆ. ಅಜ್ಜನೂ ಅವರೊಡನೆ ನಕ್ಕು, ಸಂಜೆಯವರೆಗೂ ಅದನ್ನು ಹೊತ್ತೇ ಅಂಚು ಕಟ್ಟಿದರಂತೆ. ಯಾರೂ ನಗದೆ ಇದ್ದ ಕಡೆ ನಾನು ನಾಚಿದ್ದೆ; ಎಲ್ಲರೂ ನಕ್ಕ ಕಡೆ ಅವರು ನಾಚಿರಲಿಲ್ಲ. ಅಜ್ಜಿ ಕೊಟ್ಟ ಬೆಲ್ಲದ ಕಾಫಿ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಬೆಳೆದ ಮೇಲೆ ನಾನು ಇನ್ನೊಂದು ವಿಷಯವನ್ನು ತಿಳಿದೆ. ಮಲೆನಾಡಿಗನ ಗುರುತೆನಿಸಿದ ಆ ಕಂಬಳಿ ಮಲೆನಾಡಿನದೇ ಅಲ್ಲ. ಅದು ಬಯಲುಸೀಮೆಯ ಕುರಿಗಳ ಉಣ್ಣೆ. ಹುಣಸೆಬೀಜದ ಗಂಜಿ ಹಾಕಿ ಅಲ್ಲಿಯ ನೇಕಾರರು ನೆಯ್ದದ್ದು. ನಮ್ಮ ಬೆಟ್ಟಗಳಿಗೆ ಹೆಸರು ತಂದ ಕಾಫಿಯಾದರೂ ಇಥಿಯೋಪಿಯದ ಕಾಡಿನ ಗಿಡ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಹಾಗಾದರೆ ನಮ್ಮದು ಯಾವುದು? ಎಲ್ಲಿ ಹುಟ್ಟಿತೆಂಬುದರಿಂದ ವಸ್ತುವೊಂದು ನಮ್ಮದಾಗುವುದಿಲ್ಲ. ನಮ್ಮವರ ದುಡಿಮೆಯ ಬೆವರು, ಒಬ್ಬರಿಗಾಗಿ ಇನ್ನೊಬ್ಬರು ತೋರಿದ ಅಕ್ಕರೆ ಅದರಲ್ಲಿ ಸೇರಿದಾಗ ಅದು ನಮ್ಮದಾಗುತ್ತದೆ.

ಈಗ ಗದ್ದೆ ತೋಟಗಳಲ್ಲಿ ಪ್ಲಾಸ್ಟಿಕ್ ಹೊದಿಕೆಗಳು ಬಂದಿವೆ. ಅವು ಹಗುರ, ಅಗ್ಗ. ದುಡಿಯುವವರು ಅವನ್ನು ಬಳಸಿದರೆ ನನಗೆ ಬೇಸರವಿಲ್ಲ. ಗೊರಬು ಹೆಣೆಯಬಲ್ಲವರು ವಿರಳವಾದರಲ್ಲ ಎಂಬ ಕೊರಗು ಮಾತ್ರ ಇದೆ.

ಮೊನ್ನೆ ಕಂಬಳಿಯನ್ನು ಅಂಗಳದಲ್ಲಿ ಹರಡಿದ್ದಾಗ ಇದ್ದಕ್ಕಿದ್ದಂತೆ ಹನಿಯತೊಡಗಿತು. ಮೊಮ್ಮಗ ಅದನ್ನು ಒಳಗೆ ತರಲು ಓಡಿದ. “ಇರಲಿ ಬಿಡು ಮಗು, ಸ್ವಲ್ಪ ನೆನೆಯಲಿ. ಒಂದು ದಿನ ನಾನು ಅದನ್ನು ನೆನೆಯಲು ಬಿಟ್ಟಿರಲಿಲ್ಲ” ಎಂದೆ.