ಇಬ್ಬರು ನಾಯಕರ ಹಾಯಿದೋಣಿ

ಮುಂಬಯಿಗೆ ಬಂದು ಹನ್ನೊಂದು ವರ್ಷಗಳಾಗಿದ್ದರೂ ನಮಗೆ ಸಮುದ್ರವೆಂದರೆ ಸಂಜೆಯ ಹೊತ್ತು ಶೇಂಗಾ ತಿನ್ನುತ್ತ ನೋಡುವ ವಸ್ತುವಾಗಿತ್ತೇ ಹೊರತು, ಅದರ ಮೇಲೆ ಸಂಸಾರ ಹೂಡಿದವರೂ ಉಂಟೆಂಬುದು ತಿಳಿದಿರಲಿಲ್ಲ. ಸರಕಾರಿ ಕಚೇರಿಯ ಗುಮಾಸ್ತರಾದ ನಾವು ಹತ್ತಿದ ಹಡಗೆಂದರೆ ಎಲಿಫೆಂಟಾಕ್ಕೆ ಹೋಗುವ ಲಾಂಚು ಒಂದೇ. ಅದರಲ್ಲಿಯೂ ನಮ್ಮಾಕೆ ಕಿಟಕಿಯ ಪಕ್ಕ ಕುಳಿತರೆ ನಾವು ಬಾಗಿಲ ಪಕ್ಕ, ರಕ್ಷಣಾ ಜಾಕೀಟುಗಳ ಹತ್ತಿರ.

ಇಂಥವರಿಗೆ ಮೂರು ದಿನ ಹಾಯಿದೋಣಿಯ ಪ್ರವಾಸ ಒದಗಿದ್ದು ಸಂಘದ ದಸರಾ ಕೂಟದಲ್ಲಿ ಆದ ಒಂದು ಪರಿಚಯದಿಂದ. ಹೆಸರು ಹಾಕಬಾರದೆಂದು ಅಪ್ಪಣೆಯಾಗಿರುವುದರಿಂದ ಅವರನ್ನು ರಾಯರು ಮತ್ತು ಅಕ್ಕ ಎಂದೇ ಕರೆಯುತ್ತೇವೆ. ರಾಯರು ಹೊನ್ನಾವರದ ಕಡೆಯವರು; ಸರಕು ಹಡಗುಗಳಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಅಕ್ಕ ಧಾರವಾಡದವರು, ಶಾಲೆಯಲ್ಲಿ ಗಣಿತ ಕಲಿಸಿದವರು. ಇಬ್ಬರೂ ಅರವತ್ತು ದಾಟಿದ್ದಾರೆ. ಮಕ್ಕಳು ಅವರವರ ದಾರಿ ಹಿಡಿದ ಮೇಲೆ 28 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಮಳೆಗಾಲ ಮುಗಿಯುತ್ತಲೂ ಅದರಲ್ಲಿ ಕೊಂಕಣ ತೀರದ ದ್ವೀಪದಿಂದ ದ್ವೀಪಕ್ಕೆ, ಕೋಟೆಯಿಂದ ಕೋಟೆಗೆ ಹೋಗುತ್ತ ತಿಂಗಳುಗಟ್ಟಲೆ ಇದ್ದುಬಿಡುತ್ತಾರೆ. ಜೂನಿನಲ್ಲಿ ಮಳೆ ಹಿಡಿಯುವ ಮುಂಚೆ ದೋಣಿಯನ್ನು ದಡಕ್ಕೆ ಎಳೆಸಿ, ನಮ್ಮ ನಿಮ್ಮಂತೆ ಫ್ಲಾಟಿಗೆ ಮರಳುತ್ತಾರೆ.

"ಮುರುಡಿನವರೆಗೆ ನಮ್ಮ ಜೊತೆ ಬನ್ನಿ, ಅಲ್ಲಿಂದ ಬಸ್ಸಿನಲ್ಲಿ ವಾಪಸಾಗಬಹುದು" ಎಂದು ರಾಯರು ಕರೆದರು. 2024ರ ಗಣರಾಜ್ಯ ದಿನ ಶುಕ್ರವಾರ ಬಂದಿತ್ತು. ಶನಿವಾರ ಭಾನುವಾರ ಹೇಗೂ ರಜೆ. ಅರ್ಜಿ ಬರೆಯುವ ಪ್ರಸಂಗವೇ ಇಲ್ಲದ ಪ್ರವಾಸವನ್ನು ಯಾವ ಗುಮಾಸ್ತ ಬಿಟ್ಟಾನು?

ದೋಣಿ ಹತ್ತಿದೊಡನೆ ನಮ್ಮ ಕಣ್ಣಿಗೆ ಬಿದ್ದದ್ದು ಅಡಿಗೆಮನೆ. ಎರಡು ಮೊಳ ಅಗಲದ ಜಾಗ. ದೋಣಿ ಎಷ್ಟು ಹೊರಳಿದರೂ ಪಾತ್ರೆ ನೆಟ್ಟಗೇ ಇರುವಂತೆ ಒಲೆಯನ್ನು ತೂಗುಹಾಕಿದ್ದರು. ಡಬ್ಬಿಗಳಲ್ಲಿ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಧಾರವಾಡದಿಂದ ಬಂದ ಕಟಕ ರೊಟ್ಟಿ. ತಿಂಗಳಾದರೂ ಕೆಡದ ಆ ಜೋಳದ ರೊಟ್ಟಿಯನ್ನು ಕಂಡುಹಿಡಿದವರು ಸಮುದ್ರ ನೋಡಿರಲಿಕ್ಕಿಲ್ಲ, ಆದರೆ ನಾವಿಕರಿಗೆ ಅದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಕುಡಿಯುವ ನೀರು 150 ಲೀಟರು. ಅದರಲ್ಲಿ ಇಬ್ಬರಿಗೆ ಹತ್ತು ದಿನ ಸಾಗಬೇಕು. ಪಾತ್ರೆ ತೊಳೆಯುವುದು ಮೊದಲು ಸಮುದ್ರದ ನೀರಿನಲ್ಲಿ, ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ. ನಲ್ಲಿ ತಿರುಗಿಸಿ ಬಿಟ್ಟು ಫೋನಿನಲ್ಲಿ ಮಾತನಾಡುವ ಅಭ್ಯಾಸವುಳ್ಳ ನಾವು ಇದನ್ನು ಕೇಳಿ ತೆಪ್ಪಗಾದೆವು.

ಎರಡನೆಯದಾಗಿ ಕಂಡದ್ದು ದೋಣಿಯ ದಿನಚರಿ ಪುಸ್ತಕ. ರಿಜಿಸ್ಟರು ಕಂಡರೆ ತೆರೆದು ನೋಡುವುದು ನಮ್ಮ ಹುಟ್ಟುಗುಣ. ಹೊತ್ತು, ಗಾಳಿಯ ದಿಕ್ಕು, ನೀರಿನ ಆಳ ಎಂದು ಚೊಕ್ಕವಾಗಿ ಅಂಕಣ ಹಾಕಿದ್ದರು. ಆಶ್ಚರ್ಯವೆಂದರೆ ಒಂದು ದಿನದ ಬರಹ ರಾಯರದಾದರೆ ಮರುದಿನದ್ದು ಅಕ್ಕನದು. ಅಂದಂದಿನ ಪುಟದ ತಲೆಯಲ್ಲಿ ಅಂದಂದಿನ ನಾಯಕರ ಹೆಸರು.

"ಇದೇನು, ದಿನ ಬಿಟ್ಟು ದಿನ ಅಧಿಕಾರವೇ?" ಎಂದು ಕೇಳಿದೆವು.

"ಹೌದ್ರೀ" ಎಂದರು ಅಕ್ಕ. "ಮೊದಲಿಗೆ ಹಂಗಿರಲಿಲ್ಲ. ಇವರು ಕ್ಯಾಪ್ಟನ್, ನಾ ಚಹಾ ಮಾಡಾಕಿ. ಒಮ್ಮೆ ಹರ್ಣೈ ಹತ್ತರ ಲಂಗರು ಹಾಕಿದ್ವಿ. ಇವರಿಗೆ ಕೆಟ್ಟ ಜ್ವರ ಬಂತು, ಎಚ್ಚರಾನೂ ಇರಲಿಲ್ಲ. ದಂಡೀ ಕಾಣತಿತ್ತು, ದೀಪ ಕಾಣತಿದ್ದವು. ನನಗ ಇಂಜಿನ್ ಚಾಲೂ ಮಾಡಾಕ ಬರತಿರಲಿಲ್ಲ, ಲಂಗರು ಎತ್ತಾಕ ಬರತಿರಲಿಲ್ಲ. ರಾತ್ರಿಯೆಲ್ಲಾ ಅತ್ತೆ. ಬೆಳಿಗ್ಗೆ ಮೀನುಗಾರರು ಬಂದ್ರು, ಉಳಕೊಂಡ್ವಿ. ಅವತ್ತ ಹೇಳಿದೆ, ನನಗ ಎಲ್ಲಾ ಕಲಸ್ರಿ, ಇಲ್ಲಾಂದ್ರ ದೋಣಿ ಮಾರ್ರಿ ಅಂತ."

ರಾಯರು ನಗುತ್ತ ಕಪಾಟಿನಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆದು ತೋರಿಸಿದರು. ಎರಿಕ್ ಮತ್ತು ಸೂಸಾನ್ ಹಿಸ್ಕಾಕ್ ಎಂಬ ಆಂಗ್ಲ ದಂಪತಿಗಳು 1952ರಿಂದ 1955ರವರೆಗೆ 30 ಅಡಿಯ 'ವಾಂಡರರ್ 3' ಎಂಬ ಹಾಯಿದೋಣಿಯಲ್ಲಿ ಇಬ್ಬರೇ ಪ್ರಪಂಚ ಸುತ್ತಿದರಂತೆ. "ನಾವು ಅಷ್ಟು ದೊಡ್ಡವರಲ್ಲ. ಆದರೆ ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರಿಗೆ ಮಾತ್ರ ಕೆಲಸ ಗೊತ್ತಿದ್ದರೆ ಅಲ್ಲಿ ಇರುವವರು ಒಬ್ಬರೇ ಎಂದು ಲೆಕ್ಕ" ಎಂದರು.

ಅಂದಿನ ನಾಯಕಿ ಅಕ್ಕ. ಹಿಂದಿನ ದಿನ ಹುಣ್ಣಿಮೆಯಾಗಿದ್ದರಿಂದ ಉಬ್ಬರ ದೊಡ್ಡದು. ಅದು ಮಧ್ಯಾಹ್ನ ತುಂಬಿ ಇಳಿಯತೊಡಗಿದ ಮೇಲೆ ಹೊರಟೆವು. ಇಳಿತದ ನೀರು ತಾನೇ ಹೊರಗೆ ಹರಿಯುವಾಗ ಅದರ ಜೊತೆ ಹೋದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಚಳಿಗಾಲದಲ್ಲಿ ಈ ತೀರದ ಗಾಳಿಗೂ ಒಂದು ವೇಳಾಪಟ್ಟಿಯುಂಟು: ಬೆಳಿಗ್ಗೆ ನೆಲದ ಕಡೆಯಿಂದ ಮೆಲ್ಲನೆಯ ಗಾಳಿ, ಮಧ್ಯಾಹ್ನ ತಿರುಗಿ ವಾಯವ್ಯದಿಂದ ಬಲವಾದ ಗಾಳಿ. ಹಿಂದಿನ ಕಾಲದ ಮಚವೆಗಳು ಈ ಪಟ್ಟಿಯನ್ನು ನಂಬಿಯೇ ವ್ಯಾಪಾರ ನಡೆಸಿದವು. ರಾತ್ರಿ ಮಾತ್ರ ಇವರು ಪ್ರಯಾಣ ಮಾಡುವುದಿಲ್ಲ. ಮೀನುಗಾರರು ಕಟ್ಟಿದ ಬಲೆಗಳು ಕತ್ತಲಲ್ಲಿ ಕಾಣುವುದಿಲ್ಲ.

ಇಂಜಿನ್ ನಿಲ್ಲಿಸಿ ಹಾಯಿ ಏರಿಸಿದಾಗ ಉಂಟಾದ ನಿಶ್ಶಬ್ದವನ್ನು ನಾವು ಮರೆಯಲಾರೆವು. ಆ ನಿಶ್ಶಬ್ದವನ್ನು ಕೆಡಿಸಿದವರೂ ನಾವೇ. ಓದಿಕೊಂಡು ಬಂದಿದ್ದ ಇತಿಹಾಸವನ್ನೆಲ್ಲ ಹೇಳತೊಡಗಿದೆವು. ಶಿವಾಜಿ ಮಹಾರಾಜರು 1679ರಲ್ಲಿ ಖಾಂದೇರಿ ದ್ವೀಪದಲ್ಲಿ ಕೋಟೆ ಕಟ್ಟಿಸತೊಡಗಿದ್ದು, ತಮ್ಮ ಬಾಗಿಲಿಗೇ ಬಂದರೆಂದು ಮುಂಬಯಿಯ ಇಂಗ್ಲಿಷರು ಹಡಗು ಕಳಿಸಿ ಕಾದಾಡಿದ್ದು, ಕೊನೆಗೆ ಕೈಲಾಗದೆ ಹಿಂದಿರುಗಿದ್ದು, ಮರುವರ್ಷ ಜಂಜೀರಾದ ಸಿದ್ದಿಗಳು ಪಕ್ಕದ ಉಂದೇರಿಯನ್ನು ಹಿಡಿದು ಎದುರುಕೋಟೆ ಮಾಡಿದ್ದು, ಎಲ್ಲವನ್ನೂ ಸಾಂಗವಾಗಿ ಹೇಳಿದೆವು. ಅಷ್ಟರಲ್ಲಿ ಅಕ್ಕ ಒಂದು ತೆಂಗಿನಕಾಯಿಯನ್ನು ಸಮುದ್ರಕ್ಕೆ ಎಸೆದರು!

"ಅದು ಮನುಷ್ಯಾ ಅಂತ ತಿಳೀರಿ. ಈಗ ತಿರುಗಿ ಹೋಗಿ ಎತ್ತಬೇಕು." ವಾರಕ್ಕೊಮ್ಮೆ ಒಬ್ಬೊಬ್ಬರೇ ಈ ಅಭ್ಯಾಸ ಮಾಡುತ್ತಾರಂತೆ. ನಮ್ಮಾಕೆಯ ಕೈಗೆ ಚುಕ್ಕಾಣಿಯ ಹಿಡಿ ಕೊಟ್ಟರು. ಹಿಡಿಯನ್ನು ಎಡಕ್ಕೆ ನೂಕಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಅದೊಂದು ಉಲ್ಟಾ ಲೆಕ್ಕ. ಮೂರನೆಯ ಸಲಕ್ಕೆ ನಮ್ಮಾಕೆ ಕಾಯಿಯನ್ನು ಎತ್ತಿಯೇಬಿಟ್ಟಳು. ನಮ್ಮನ್ನೂ ಕರೆದರು, ನಾವು "ಆಮೇಲೆ" ಎಂದು ಇತಿಹಾಸವನ್ನು ಮುಂದುವರಿಸಿದೆವು.

ನಾಲ್ಕು ಗಂಟೆಯ ಹೊತ್ತಿಗೆ ಖಾಂದೇರಿಯ ಮರೆಯಲ್ಲಿ ನಿಂತೆವು. ಲಂಗರು ಹಾಕುವಾಗಿನ ಗಣಿತ ಮಾತ್ರ ನಮಗೆ ಹಿಡಿಸಿತು. ಇಳಿತದಲ್ಲಿ ಆಳ ನಾಲ್ಕು ಮೀಟರು, ಉಬ್ಬರದಲ್ಲಿ ಇನ್ನು ನಾಲ್ಕು ಏರುತ್ತದೆ, ಒಟ್ಟು ಎಂಟು, ಅದರ ಐದರಷ್ಟು, ಎಂದರೆ ನಲವತ್ತು ಮೀಟರು ಸರಪಳಿ ಬಿಡಬೇಕು. ಈಗಿನ ಆಳ ನೋಡಿ ಬಿಟ್ಟವರು ನಡುರಾತ್ರಿ ತೇಲಿಹೋಗುತ್ತಾರೆ.

ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗಿ ನೋಡಿ ಬಂದೆವು. ಗುಡ್ಡದ ಮೇಲೆ 1867ರ ದೀಪಸ್ತಂಭ, ಕೆಳಗೆ ಕೋಳಿ ಮೀನುಗಾರರು ನಡೆದುಕೊಳ್ಳುವ ವೇತಾಳನ ಗುಡಿ, ಕಲ್ಲಿನಿಂದ ಬಡಿದರೆ ಕಂಚಿನಂತೆ ಮೊಳಗುವ ಒಂದು ಬಂಡೆ. 2025ರ ಜುಲೈಯಲ್ಲಿ ಮರಾಠರ ಹನ್ನೆರಡು ಕೋಟೆಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಖಾಂದೇರಿಯ ಹೆಸರನ್ನೂ ಓದಿ, ಆ ಬಂಡೆಯ ದನಿ ನಮ್ಮ ಕಿವಿಯಲ್ಲಿ ಮತ್ತೆ ಮೊಳಗಿತು. ಈ ಲೇಖನಕ್ಕೆ ಅದೇ ಕಾರಣ.

ಶನಿವಾರ ರಾಯರು ನಾಯಕರು. ಬೆಳಗಿನ ಗಾಳಿ ತೀರ ಮೆಲ್ಲಗಿತ್ತು. ಇಳಿತದಲ್ಲಿ ನಡೆದೇ ಹೋಗಬಹುದಾದ ಅಲಿಬಾಗಿನ ಕುಲಾಬಾ ಕೋಟೆ ಎಡಗಡೆ ಹಾದುಹೋಯಿತು. ರೇವದಂಡಾದ ಆಚೆ ಕೊರ್ಲಾಯಿ ಗುಡ್ಡ ಕಂಡಿತು. ಅದರ ಬುಡದ ಹಳ್ಳಿಯಲ್ಲಿ ಪೋರ್ತುಗೀಜಿನಿಂದ ಹುಟ್ಟಿದ ಒಂದು ಮಾತನ್ನು ಇಂದಿಗೂ ಮನೆಯಲ್ಲಿ ಆಡುತ್ತಾರೆ. ಮನೆಯ ಮಾತನ್ನು ಪರಸ್ಥಳದಲ್ಲಿ ಉಳಿಸಿಕೊಳ್ಳುವ ಪಾಡು ನಮಗೂ ಗೊತ್ತಲ್ಲವೇ!

ಮೂರು ಗಂಟೆಯ ಮೇಲೆ ಗಾಳಿ ಬಲಿಯಿತು, ಅಲೆಗಳ ತಲೆಯ ಮೇಲೆ ಬಿಳಿ ನೊರೆ ಎದ್ದಿತು. ಹಾಯಿಯನ್ನು ಮಡಚಿ ಚಿಕ್ಕದು ಮಾಡಲೆಂದು ರಾಯರು ಕಂಬದ ಬಳಿಗೆ ಹೋದರು. ದೋಣಿ ಒಮ್ಮೆಲೆ ಹೊರಳಿತು. ರಾಯರು ಜಾರಿ, ಬಲಗೈ ಮಡಚಿಕೊಂಡು ಕಬ್ಬಿಣದ ರಾಟೆಯ ಮೇಲೆ ಬಿದ್ದರು. ಸೊಂಟಕ್ಕೆ ಕಟ್ಟಿದ್ದ ಹಗ್ಗವಿರದಿದ್ದರೆ ನೀರಿಗೇ ಬೀಳುತ್ತಿದ್ದರು.

ಅಕ್ಕ ಕೂಗಲಿಲ್ಲ. ಚುಕ್ಕಾಣಿಯನ್ನು ನಮ್ಮ ಕೈಗೆ ಕೊಟ್ಟು ತೆವಳಿಕೊಂಡು ಹೋಗಿ ಅವರನ್ನು ಕರೆತಂದರು. ನಾವೋ ಹಿಡಿಯನ್ನು ನೂಕಬಾರದ ಕಡೆಗೆ ನೂಕಿದೆವು. ದೋಣಿ ಗಾಳಿಗೆ ಎದುರಾಗಿ ನಿಂತು, ಹಾಯಿ ಪಟಪಟನೆ ಬಡಿಯತೊಡಗಿತು. "ತಂಗೀ, ನೀ ಹಿಡಿ!" ಎಂದರು ಅಕ್ಕ. ನಮ್ಮಾಕೆ ಬಂದು ಹಿಡಿದಳು. ದೋಣಿ ದಾರಿಗೆ ಬಂತು.

ಮಣಿಕಟ್ಟು ಆಗಲೇ ಊದಿತ್ತು. ಲಟ್ಟಣಿಗೆಯನ್ನು ಕೈಗೆ ಆನಿಸಿ ರಾಯರ ಪಂಚೆಯಿಂದಲೇ ಬಿಗಿದು ಕಟ್ಟಿ, ಅವರನ್ನು ಒಳಗೆ ಮಲಗಿಸಿ, ಅಕ್ಕ ದೊಡ್ಡ ಹಾಯಿಯನ್ನು ಪೂರ್ತಿ ಇಳಿಸಿದರು. ಮುಂಗಡೆಯ ಸಣ್ಣ ಹಾಯಿಯೊಂದರಲ್ಲೇ ಸಾಗಿದೆವು. ಹಿಂದಿರುಗುವಂತಿರಲಿಲ್ಲ, ಗಾಳಿ ಎದುರು. ಮುಂದಿರುವ ಆಸರೆಯೆಂದರೆ ಜಂಜೀರಾ ಕೋಟೆಯ ಪಕ್ಕದ ರಾಜಪುರಿ ಖಾರಿ. ಆದರೆ ಸೂರ್ಯ ಆರೂವರೆಗೆ ಮುಳುಗುತ್ತಾನೆ, ಚಂದ್ರ ಹುಟ್ಟುವುದು ಏಳೂವರೆಯ ಮೇಲೆ. ನಡುವಿನ ಒಂದು ಗಂಟೆ ಕತ್ತಲು.

ಮುರುಡಿನ ಎದುರಿಗಿರುವ ಪದ್ಮದುರ್ಗವನ್ನು, ಸುತ್ತಲಿನ ಬಂಡೆಗಳಿಗೆ ಹೆದರಿ ದೂರದಿಂದ ಬಳಸುವಷ್ಟರಲ್ಲಿ ಕತ್ತಲಾಯಿತು. ಅಕ್ಕ ಇಂಜಿನ್ ಚಾಲೂ ಮಾಡಿ, ಬ್ಯಾಟರಿ ಹಿಡಿದು ಬಲೆಗಳನ್ನು ನೋಡಲು ಮುಂತುದಿಗೆ ಹೋಗಿ ನಿಂತರು. ಚುಕ್ಕಾಣಿ ನಮ್ಮಾಕೆಯದು. "ತಮ್ಮಾ, ನೀ ಆ ಆಳದ ಅಂಕಿ ಓದ್ಕೋತ ಹೋಗು, ಜೋರಾಗಿ" ಎಂದು ನಮಗೆ ಅಪ್ಪಣೆಯಾಯಿತು. ಅಂಕಿ ಓದುವುದು ನಮ್ಮ ಹೊಟ್ಟೆಪಾಡಿನ ಕೆಲಸ. ಆದರೆ ನಮ್ಮ ಗಂಟಲು ಅಷ್ಟು ಒಣಗಿದ್ದು ಎಂದೂ ಇಲ್ಲ. ಒಂಬತ್ತು. ಎಂಟು. ಎಂಟು. ಆರು. "ಬಲಕ್ಕ, ತಂಗೀ!" ಏಳು. ಎಡಗಡೆ ಜಂಜೀರಾದ ಗೋಡೆ ಕಪ್ಪಗೆ ಎದ್ದು ನಿಂತಿತು. ಬಲಗಡೆ ದೂರದಲ್ಲಿ ದಿಘಿ ಬಂದರಿನ ದೀಪಗಳು. ಸಂಭಾಜಿ 1682ರಲ್ಲಿ ಸಮುದ್ರಕ್ಕೆ ಕಲ್ಲು ತುಂಬಿಸಿಯೂ ಗೆಲ್ಲಲಾರದೆ ಹೋದ ಕೋಟೆ ಅದು. ಆ ಇತಿಹಾಸವನ್ನು ನಾವು ಆಗ ಹೇಳಲಿಲ್ಲ.

ನಾಲ್ಕು ಮೀಟರಿನಲ್ಲಿ ಅಕ್ಕ ಲಂಗರು ಬಿಟ್ಟರು. ಇಳಿತ ಮುಗಿಯುವ ಹೊತ್ತು. "ನಲವತ್ತು ಮೀಟರು!" ಎಂದು ಅವರು ಕೇಳುವ ಮೊದಲೇ ನಾವು ಕೂಗಿದೆವು. "ಬರೋಬರಿ" ಎಂದರು. ಆ ಒಂದು ಮಾತು ನಮಗೆ ಬಡ್ತಿ ಸಿಕ್ಕಷ್ಟು ಸಂತೋಷ ಕೊಟ್ಟಿತು. ನಮ್ಮಾಕೆ ಮಾತ್ರ ಚುಕ್ಕಾಣಿ ಬಿಟ್ಟ ಮೇಲೆ ಕೈ ನಡುಗುತ್ತದೆಂದು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಳು.

ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ. ಚಂದ್ರ ಮೇಲೆ ಬಂದಿದ್ದ. ನಮ್ಮಾಕೆ ಮೆಲ್ಲಗೆ, "ನಿಮಗೇನಾದರೂ ಆದರೆ ನನಗೆ ಬ್ಯಾಂಕಿನ ಪುಸ್ತಕ ಎಲ್ಲಿದೆಯೆಂಬುದೂ ಗೊತ್ತಿಲ್ಲ" ಎಂದಳು. ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನನಗೇನಾದರೂ ಆದರೆ ನೀವು ಏನು ತಿನ್ನುತ್ತೀರಿ?" ಎಂದಳು. ಅದಕ್ಕೂ ಹೊಳೆಯಲಿಲ್ಲ. ಕಚೇರಿಯಲ್ಲಿ ಒಬ್ಬ ಗುಮಾಸ್ತ ರಜೆ ಹೋದರೆ ಅವನ ಕಡತ ನೋಡಲು ಇನ್ನೊಬ್ಬನನ್ನು ನೇಮಿಸದೆ ಬಿಡುವುದಿಲ್ಲ. ಎಂಟು ವರ್ಷದ ಸಂಸಾರದಲ್ಲಿ ಆ ಏರ್ಪಾಡು ನಮಗೆ ತೋಚಿರಲಿಲ್ಲ.

ಭಾನುವಾರ ಬೆಳಿಗ್ಗೆ ರಾಜಪುರಿಯ ಮೀನುಗಾರರು ರಾಯರನ್ನು ತಮ್ಮ ದೋಣಿಯಲ್ಲೇ ದಡ ಮುಟ್ಟಿಸಿದರು, ಹಣ ಮುಟ್ಟಲಿಲ್ಲ. ಮುರುಡಿನಲ್ಲಿ ವೈದ್ಯರು ಎಲುಬು ಬಿರಿದಿದೆಯೆಂದು ಪ್ಲಾಸ್ಟರು ಹಾಕಿದರು. ನಾವು ಬೀಳ್ಕೊಳ್ಳುವ ಮೊದಲು ದಿನಚರಿಯನ್ನು ಕಡೆಯ ಸಲ ತೆರೆದೆವು. ಶನಿವಾರದ ಪುಟದ ತಲೆಯಲ್ಲಿ ರಾಯರ ಹೆಸರು. ನಡುವೆ ಅಕ್ಕನ ಅಕ್ಷರದಲ್ಲಿ ಒಂದು ಸಾಲು: "ಸಂಜೆ 4-50. ನಾಯಕರ ಮಣಿಕಟ್ಟಿಗೆ ಪೆಟ್ಟು. ಅಧಿಕಾರ ವಹಿಸಿಕೊಂಡಿದ್ದೇನೆ." ಅದರ ಕೆಳಗೆ ಅಕ್ಕನ ಸಹಿ, ಪಕ್ಕದಲ್ಲಿ, ಎಡಗೈಯಿಂದ ಸೊಟ್ಟಸೊಟ್ಟಾಗಿ ಹಾಕಿದ ರಾಯರ ಸಹಿ. ನಾವು ಅನೇಕ ಚಾರ್ಜು ಪಟ್ಟಿಗಳನ್ನು ಕಂಡಿದ್ದೇವೆ. ಇಷ್ಟು ನಿರ್ವಿಕಾರವಾದದ್ದನ್ನು ಕಂಡಿಲ್ಲ.

ಆ ಸಲ ಅವರು ಕಾರವಾರದವರೆಗೆ ಹೋಗಬೇಕೆಂದಿದ್ದರು. ಕೈ ಗುಣವಾಗುವಷ್ಟರಲ್ಲಿ ದಿನಗಳು ಕಳೆದು, ಮಾಲ್ವಣದ ಸಿಂಧುದುರ್ಗದಿಂದಲೇ ಹಿಂದಿರುಗಿದರು. ಪ್ಲಾಸ್ಟರು ಬಿಚ್ಚುವವರೆಗೆ ದಿನವೂ ಅಕ್ಕನೇ ನಾಯಕಿ, ರಾಯರು ಚಹಾ ಮಾಡುವವರು. ಒಂದು ಕೈಯಲ್ಲಿ ಚಹಾ ಸೋಸುವುದು ಹಡಗು ನಡೆಸುವುದಕ್ಕಿಂತ ಕಷ್ಟವೆಂದು ಫೋನಿನಲ್ಲಿ ಹೇಳಿದರು.

ನಮ್ಮ ಮನೆಯಲ್ಲಿಯೂ ಈಗ ಅಡಿಗೆಮನೆಯ ಮೊಳೆಗೆ ಒಂದು ಪುಸ್ತಕ ತೂಗಿದೆ. ವಿಮೆಯ ನಂಬರು, ಬ್ಯಾಂಕಿನ ಖಾತೆ, ಭವಿಷ್ಯನಿಧಿಯ ಕಾಗದ ಇರುವ ಕಪಾಟು, ಇವೆಲ್ಲ ನಮ್ಮ ಅಕ್ಷರದಲ್ಲಿವೆ. ಹಿಂದಿನ ಪುಟದಲ್ಲಿ ನಮ್ಮಾಕೆಯ ಅಕ್ಷರದಲ್ಲಿ ಅನ್ನಕ್ಕೆ ನೀರಿನ ಅಳತೆಯೂ ಸಾರಿನ ಕ್ರಮವೂ ಇವೆ. ಭಾನುವಾರದ ಅಡಿಗೆ ನಮ್ಮದು. ಮೊದಲ ವಾರ ಸಾರಿಗೆ ಉಪ್ಪು ಎರಡು ಸಲ ಬಿತ್ತು. ನಮ್ಮಾಕೆ ಏನೂ ಅನ್ನದೆ ಇನ್ನೊಂದು ಲೋಟ ನೀರು ಬೆರೆಸಿ, ಬಡಿಸಿಕೊಂಡು ಉಂಡಳು.